ಡುಬಾಯ್ಸರ ‘ಕಪ್ಪು ಪುನರ್ನಿರ್ಮಾಣ’

ಯುದ್ಧವನ್ನು ವರ್ಣಿಸಲು ಕವಿಗಳು ಎಂದೂ ಹಿಂಜರಿದವರಲ್ಲ. ಯುದ್ಧವು ಮುಗಿದ ಮರುದಿನವನ್ನು ವರ್ಣಿಸಲು ಮಾತ್ರ ಎಂಟೆದೆ ಬೇಕು. ನಮ್ಮ ಕುಮಾರವ್ಯಾಸನು ಹತ್ತು ಪರ್ವಗಳಿಗೆ ತನ್ನ ಭಾರತವನ್ನು ನಿಲ್ಲಿಸಿದನು. ಶಾಂತಿಪರ್ವವೇ ಮೊದಲಾದ ಉಳಿದ ಭಾಗವು ಕೃಷ್ಣದೇವರಾಯನ ಕಾಲದ ತಿಮ್ಮಣ್ಣಕವಿಯ ಪಾಲಿಗೆ ಬಂದಿತು. ಅದನ್ನು ಓದಿದವರು ನಮ್ಮಲ್ಲಿ ಎಷ್ಟು ಮಂದಿ ಎಂಬುದನ್ನು ವಾಚಕರೇ ಬಲ್ಲರು. ಇತಿಹಾಸಕಾರರಲ್ಲಿಯೂ ಇದೇ ಪಕ್ಷಪಾತವುಂಟು. ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ 1861ರಿಂದ 1865ರವರೆಗೆ ಗುಲಾಮಗಿರಿಯ ಕಾರಣವಾಗಿ ನಡೆದ ಅಂತರ್ಯುದ್ಧವನ್ನು ಕುರಿತು ಗ್ರಂಥರಾಶಿಯೇ ಇದೆ. ಒಡೆದ ದೇಶವನ್ನು ಮತ್ತೆ ಕೂಡಿಸುವುದಕ್ಕಾಗಿ ಅನಂತರ ಹನ್ನೆರಡು ವರ್ಷಕಾಲ ನಡೆದ ಪ್ರಯತ್ನಕ್ಕೆ ಅಲ್ಲಿಯವರು ‘ಪುನರ್ನಿರ್ಮಾಣ’ವೆಂದು ಹೆಸರಿಟ್ಟಿದ್ದಾರೆ. ಅದರ ಮಾತು ಬಂದಾಗ ಬಹುಕಾಲದವರೆಗೆ ಲೇಖನಿಗಳು ಒಂದೋ ಮೌನವಾಗುತ್ತಿದ್ದುವು, ಇಲ್ಲವೆ ಸುಳ್ಳಾಡುತ್ತಿದ್ದುವು.

ಈ ವಿಷಯದಲ್ಲಿ ನನ್ನದೂ ಒಂದು ಅಪರಾಧವುಂಟು. ಸಂಸ್ಕೃತದೊಡನೆ ಇತಿಹಾಸವನ್ನೂ ಬೋಧಿಸಬೇಕಾಗಿ ಬಂದ ವರ್ಷಗಳಲ್ಲಿ ನಾನು ಈ ಪ್ರಕರಣವನ್ನು ಮೂರು ವಾಕ್ಯಗಳಲ್ಲಿ ಮುಗಿಸುತ್ತಿದ್ದೆನು: ಉತ್ತರದವರು ಗೆದ್ದರು, ಲಿಂಕನ್ ಮಹಾಶಯನು ದಾಸರನ್ನು ಬಿಡಿಸಿದನು, ದೇಶವು ಪುನಃ ಒಂದಾಯಿತು. ಒಂದು ದಿನ ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು ನಿಂತು, “ಬಿಡುಗಡೆಯಾದವರು ಮಾರನೆಯ ದಿನ ಎಲ್ಲಿ ಉಂಡರು, ಸಾರ್?” ಎಂದು ಕೇಳಿದನು. ತರಗತಿ ನಕ್ಕಿತು, ನಾನೂ ನಕ್ಕು ಪಾಠವನ್ನು ಮುಂದುವರಿಸಿದೆನು. ನಿವೃತ್ತನಾದ ಮೇಲೆ ಡಬ್ಲ್ಯು. ಇ. ಬಿ. ಡುಬಾಯ್ಸ್ ಎಂಬ ವಿದ್ವಾಂಸರು 1935ರಲ್ಲಿ ಪ್ರಕಟಿಸಿದ ‘ಬ್ಲ್ಯಾಕ್ ರಿಕನ್‌ಸ್ಟ್ರಕ್ಷನ್ ಇನ್ ಅಮೆರಿಕ’ ಎಂಬ ಏಳುನೂರು ಪುಟಗಳಿಗೆ ಮೀರಿದ ಗ್ರಂಥವನ್ನು ಸಾವಕಾಶವಾಗಿ ಓದಿದಾಗ ತಿಳಿಯಿತು: ಆ ಗ್ರಂಥವೆಲ್ಲವೂ ಆ ಹುಡುಗನ ಪ್ರಶ್ನೆಗೇ ಉತ್ತರವಾಗಿದೆ.

ಗ್ರಂಥಕರ್ತರ ವಿಷಯವಾಗಿ ಎರಡು ಮಾತು. ಡುಬಾಯ್ಸರು 1868ರಲ್ಲಿ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ ಜನಿಸಿದರು. ಹಾರ್ವರ್ಡ್ ವಿಶ್ವವಿದ್ಯಾನಿಲಯದಿಂದ 1895ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. ಆ ಪದವಿಯನ್ನು ಅಲ್ಲಿ ಪಡೆದ ಕಪ್ಪು ಜನಾಂಗದವರಲ್ಲಿ ಅವರೇ ಮೊದಲಿಗರು. 1963ರಲ್ಲಿ ಆಫ್ರಿಕಾಖಂಡದ ಘಾನಾ ದೇಶದಲ್ಲಿ ಕಾಲವಾದರು. 1910ರಲ್ಲಿ ಅಮೆರಿಕದ ಇತಿಹಾಸ ವಿದ್ವಾಂಸರ ಮುಖ್ಯ ಪತ್ರಿಕೆಯು ಪುನರ್ನಿರ್ಮಾಣದ ಸತ್ಫಲಗಳನ್ನು ಕುರಿತ ಅವರ ಲೇಖನವೊಂದನ್ನು ಅಚ್ಚುಮಾಡಿತು. ಆದರೆ ‘ನೀಗ್ರೋ’ ಎಂಬ ಜನಾಂಗನಾಮದ ಮೊದಲನೆಯ ಅಕ್ಷರವನ್ನು ದೊಡ್ಡಕ್ಷರದಲ್ಲಿ ಹಾಕಬೇಕೆಂಬ ಅವರ ಕೋರಿಕೆಯನ್ನು ಸಂಪಾದಕರು ಒಪ್ಪಲಿಲ್ಲ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ ಸಣ್ಣಕ್ಷರಗಳ ಭೇದವಿಲ್ಲದ್ದರಿಂದ ಇದರ ನೋವು ನಮಗೆ ಥಟ್ಟನೆ ತಿಳಿಯದು. ಏಕವಚನ ಬಹುವಚನಗಳಲ್ಲಿ ನಾವು ಮಾಡುವ ತಾರತಮ್ಯವನ್ನು ನೆನೆದುಕೊಂಡರೆ ತಿಳಿದೀತು.

ಗ್ರಂಥದ ಯೋಗ್ಯತೆಯನ್ನು ಅರಿಯಬೇಕಾದರೆ ಅದು ಯಾವ ಸಾಹಿತ್ಯಕ್ಕೆ ಎದುರಾಗಿ ನಿಂತಿತೆಂಬುದನ್ನು ಮೊದಲು ಅರಿಯಬೇಕು. ಯುದ್ಧಾನಂತರದ ಅಮೆರಿಕನ್ ಕಥೆಗಾರರು ದೇಶದ ಪುನಸ್ಸಂಧಾನವನ್ನು ಹೇಳಲು ಶೃಂಗಾರವನ್ನು ಆಶ್ರಯಿಸಿದರು. ಯುದ್ಧವು ವಿಪ್ರಲಂಭ, ಸಂಧಿಯು ವಿವಾಹ. ಡಿ ಫಾರೆಸ್ಟ್ ಎಂಬುವನ 1867ರ ಕಾದಂಬರಿಯಲ್ಲಿ ದಕ್ಷಿಣದ ಕನ್ಯೆಯು ಕೊನೆಗೆ ಉತ್ತರದ ಸೇನಾನಿಯ ಕೈಹಿಡಿಯುತ್ತಾಳೆ. ಥಾಮಸ್ ನೆಲ್ಸನ್ ಪೇಜನು 1887ರ ತನ್ನ ಕಥಾಸಂಗ್ರಹದಲ್ಲಿ ಒಂದು ಹೆಜ್ಜೆ ಮುಂದೆ ಹೋದನು: ಒಡೆಯನ ಪ್ರಣಯಕಥೆಯನ್ನು ಹಿಂದಿನ ದಾಸನೊಬ್ಬನ ಬಾಯಿಂದಲೇ ಹೇಳಿಸಿದನು. ಆ ಮುದುಕನಿಗೆ ತನ್ನದೆಂಬ ಕಥೆಯೇ ಇಲ್ಲ; ಹಳೆಯ ದಿನಗಳೇ ಚೆನ್ನಾಗಿದ್ದುವೆಂದು ನಿಟ್ಟುಸಿರುಬಿಡುವುದಷ್ಟೇ ಅವನ ಕೆಲಸ. ಥಾಮಸ್ ಡಿಕ್ಸನನ 1905ರ ಕಾದಂಬರಿಯೂ ಅದನ್ನು ಆಧರಿಸಿ ಗ್ರಿಫಿತ್ 1915ರಲ್ಲಿ ತೆಗೆದ ಚಲನಚಿತ್ರವೂ ಈ ಮಾರ್ಗದ ಪರಾಕಾಷ್ಠೆ. ಚಿತ್ರದ ಕೊನೆಯಲ್ಲಿ ಉತ್ತರದ್ದೊಂದು ದಕ್ಷಿಣದ್ದೊಂದು ಎರಡು ಮನೆತನಗಳ ನಡುವೆ ಜೋಡಿವಿವಾಹ. ಆ ಮಂಗಳಕಾರ್ಯಕ್ಕೆ ಮುಂಚೆ ಮುಸುಕುಧಾರಿ ಸವಾರರು ಬಂದು ಕಪ್ಪು ಜನರನ್ನು ಮತಪೆಟ್ಟಿಗೆಯಿಂದ ಓಡಿಸಿರುತ್ತಾರೆ. ಈ ಚಿತ್ರವನ್ನು ಅಧ್ಯಕ್ಷ ವಿಲ್ಸನನ ಕಾಲದಲ್ಲಿ ಶ್ವೇತಭವನದೊಳಗೇ ತೋರಿಸಿದರು.

ಇದು ಕೇವಲ ಕಥೆಗಾರರ ಚಪಲವಾಗಿದ್ದರೆ ಕ್ಷಮಿಸಬಹುದಾಗಿತ್ತು. ಆದರೆ ಕೊಲಂಬಿಯಾ ವಿಶ್ವವಿದ್ಯಾನಿಲಯದ ಡನ್ನಿಂಗ್ ಎಂಬ ಆಚಾರ್ಯರೂ ಅವರ ಶಿಷ್ಯವರ್ಗದವರೂ ಅಡಿಟಿಪ್ಪಣಿಗಳ ಸಹಿತವಾಗಿ ಬಹುಮಟ್ಟಿಗೆ ಇದನ್ನೇ ಹೇಳಿದರು: ಅಪಾತ್ರರ ಕೈಗೆ ಮತಾಧಿಕಾರವನ್ನು ಕೊಟ್ಟದ್ದೇ ಆ ಕಾಲದ ಪಾಪ, ಅದನ್ನು ಕಿತ್ತುಕೊಂಡದ್ದೇ ಪ್ರಾಯಶ್ಚಿತ್ತ. 1929ರಲ್ಲಿ ಕ್ಲಾಡ್ ಬೋವರ್ಸ್ ಎಂಬುವನು ಇದೇ ಅಭಿಪ್ರಾಯವನ್ನು ರಂಜಕವಾಗಿ ಬರೆದು ಮನೆಮನೆಗೂ ಮುಟ್ಟಿಸಿದನು. ಅದನ್ನು ಓದಿ ಸುಮ್ಮನಿರಲಾರದೆ, ದಾಸ್ಯದಲ್ಲಿಯೇ ಹುಟ್ಟಿ ಉಪಾಧ್ಯಾಯಿನಿಯಾಗಿ ಬಾಳಿ ಅರುವತ್ತು ದಾಟಿದ ವಯಸ್ಸಿನಲ್ಲಿ ಪ್ಯಾರಿಸ್ಸಿನ ಸಾರ್ಬಾನ್ ವಿದ್ಯಾಪೀಠದಿಂದ ಡಾಕ್ಟರ್ ಪದವಿಯನ್ನು ಪಡೆದಿದ್ದ ಆನಾ ಜೂಲಿಯಾ ಕೂಪರ್ ಎಂಬ ವೃದ್ಧ ವಿದುಷಿಯು, ಇದಕ್ಕೆ ತಾವು ಉತ್ತರ ಕೊಡಲೇಬೇಕೆಂದು ಡುಬಾಯ್ಸರಿಗೆ ಪತ್ರ ಬರೆದಳು. ಪ್ರಕೃತ ಗ್ರಂಥದ ಹುಟ್ಟಿಗೆ ಆ ಪತ್ರವೂ ಒಂದು ನಿಮಿತ್ತ. ಗ್ರಂಥವು ಹೊರಬಂದ ಮರುವರ್ಷವೇ, ಎಂದರೆ 1936ರಲ್ಲಿ, ‘ಗಾನ್ ವಿತ್ ದಿ ವಿಂಡ್’ ಎಂಬ ಕಾದಂಬರಿಯು ಹಳೆಯ ಶೃಂಗಾರವನ್ನೇ ಮತ್ತೆ ಹೊತ್ತು ತಂದು ಕೆಲವೇ ತಿಂಗಳುಗಳಲ್ಲಿ ಹತ್ತು ಲಕ್ಷ ಪ್ರತಿಗಳಷ್ಟು ಮಾರಾಟವಾಯಿತು. ಜನರು ಯಾವುದನ್ನು ಕೊಂಡರೆಂಬುದರಿಂದ ಗ್ರಂಥದ ಬೆಲೆ ಕಟ್ಟಲಾಗದು.

ಡುಬಾಯ್ಸರು ಮಾಡಿದ ಮುಖ್ಯ ಕಾರ್ಯವು ನಾಯಕನ ಬದಲಾವಣೆ. 1860ರ ಜನಗಣತಿಯಂತೆ ಆ ದೇಶದಲ್ಲಿ ಸುಮಾರು 40 ಲಕ್ಷ ಮಂದಿ ದಾಸರಿದ್ದರು. ಹಿಂದಿನವರ ಕೃತಿಗಳಲ್ಲಿ ಇವರು ಉದ್ದೀಪನ ವಿಭಾವ ಮಾತ್ರ. ತೋಟ, ಬೆಳುದಿಂಗಳು, ಕೋಗಿಲೆಗಳ ಪಂಕ್ತಿಯಲ್ಲಿ ಇವರೂ ಒಂದು. ಡುಬಾಯ್ಸರು ಇವರನ್ನು ಆಲಂಬನದ ಸ್ಥಾನಕ್ಕೆ ತಂದರು. ಕಪ್ಪು ಜನರೂ ಇತರರಂತೆ ಸಾಮಾನ್ಯ ಮನುಷ್ಯರೆಂದು ಭಾವಿಸಿಯೇ ಈ ಕಥೆಯನ್ನು ಹೇಳುತ್ತೇನೆ, ಹಾಗೆಂದು ಒಪ್ಪದವರಿಗಾಗಿ ನಾನು ಬರೆಯುತ್ತಿಲ್ಲ ಎಂಬ ಅರ್ಥದ ಮಾತನ್ನು ಅವರು ಆರಂಭದಲ್ಲಿಯೇ ಓದುಗರಿಗೆ ಹೇಳಿಬಿಡುತ್ತಾರೆ. ಒಪ್ಪದವನೊಡನೆ ವಾದಕ್ಕೆ ನಿಂತು ಅರ್ಧ ಗ್ರಂಥವನ್ನು ಕಳೆಯುವ ಪ್ರಮಾದವು ಇದರಿಂದ ತಪ್ಪಿದೆ.

ಗ್ರಂಥದ ರೂಪವು ವಿಲಕ್ಷಣವಾದದ್ದು. ಹದಿನೇಳು ಅಧ್ಯಾಯಗಳು, ಕಾನೂನು, ಮತಗಣನೆ, ಶಾಸನಸಭೆಯ ವರದಿಗಳ ದೀರ್ಘೋದ್ಧೃತಿಗಳು, ನಡುನಡುವೆ ಒಮ್ಮೆಲೇ ಗದ್ಯವು ಮೇಲೆದ್ದು ಹಾಡಾಗುವ ಸ್ಥಳಗಳು, ಅಧ್ಯಾಯದ ಕೊನೆಯಲ್ಲಿ ಪದ್ಯ. ಆಂಗ್ಲ ವಿಮರ್ಶಕರಿಗೆ ಇದು ಅನೌಚಿತ್ಯವೆನಿಸಿದ್ದರೆ ಆಶ್ಚರ್ಯವಿಲ್ಲ; ಚಂಪುವನ್ನು ಓದಿ ಬೆಳೆದ ನಮಗೆ ಹಾಗೆನಿಸಬೇಕಾದುದಿಲ್ಲ. ಐದನೆಯ ಅಧ್ಯಾಯದಲ್ಲಿ ಬಿಡುಗಡೆಯ ದಿನವನ್ನು ಅವರು ವರ್ಣಿಸುವ ಭಾಗವು ಅದ್ಭುತರಸಕ್ಕೆ ಸೇರಿದ್ದು. ಅಂಕಿಗಳ ನಡುವೆ ಬಂದದ್ದರಿಂದಲೇ ಅದಕ್ಕೆ ಬಲ ಬಂದಿದೆ.

ಅವರ ಒಂದು ಪ್ರಯೋಗವನ್ನು ಮಾತ್ರ ಸ್ವಲ್ಪ ನಿಂತು ಪರೀಕ್ಷಿಸಬೇಕು. ಯುದ್ಧದ ನಡುವೆ ದಾಸರು ತೋಟಗಳನ್ನು ಬಿಟ್ಟು ಉತ್ತರದ ಸೈನ್ಯದ ಕಡೆಗೆ ಲಕ್ಷಗಟ್ಟಲೆಯಾಗಿ ನಡೆದುಹೋದರು. ಸುಮಾರು 1,80,000 ಮಂದಿ ಬಂದೂಕು ಹಿಡಿದು ಆ ಸೈನ್ಯದಲ್ಲಿ ಸೇರಿದರು. ಇದಕ್ಕೆ ಡುಬಾಯ್ಸರು ‘ಸಾರ್ವತ್ರಿಕ ಮುಷ್ಕರ’ವೆಂದು ಹೆಸರಿಟ್ಟಿದ್ದಾರೆ. ಸಂಘವಿಲ್ಲ, ನಿರ್ಣಯವಿಲ್ಲ, ನಾಯಕರಿಲ್ಲ; ಇದು ಹೇಗೆ ಮುಷ್ಕರ? ಎಂದು ಪಂಡಿತರು ಆಕ್ಷೇಪಿಸಿದರು. ನಮ್ಮ ಆಲಂಕಾರಿಕರಿಗೆ ಇದರಲ್ಲಿ ತೊಡಕಿಲ್ಲ. ಗಂಗೆಯಲ್ಲಿ ಗೊಲ್ಲರ ಹಳ್ಳಿಯಿದೆಯೆಂದಾಗ ಪ್ರವಾಹದಲ್ಲಿ ಹಳ್ಳಿಯಿರಲಾರದು; ಮುಖ್ಯಾರ್ಥವು ಬಾಧಿತವಾಗಿ, ಸಾಮೀಪ್ಯ ಸಂಬಂಧದಿಂದ ತೀರವೆಂಬ ಅರ್ಥವು ಬಂದು, ತಂಪು ಪಾವನತೆಗಳೆಂಬ ಪ್ರಯೋಜನವು ಹೊಳೆಯುತ್ತದೆ. ಇಲ್ಲಿಯೂ ಮುಖ್ಯಾರ್ಥಕ್ಕೆ ಬಾಧೆಯುಂಟು. ದುಡಿಮೆಯನ್ನು ಹಿಂತೆಗೆದುಕೊಂಡರೆಂಬ ಸಂಬಂಧವುಂಟು. ಬಿಡುಗಡೆಯು ಯಾರೋ ಕೊಟ್ಟ ದಾನವಲ್ಲ, ಇವರೇ ನಡೆದು ಗಳಿಸಿದ್ದು ಎಂಬ ಪ್ರಯೋಜನವೂ ಉಂಟು. ಲಕ್ಷಣೆಯು ಸಾಧುವಾಗಿದೆ. ದೋಷವಿರುವುದು ಬೇರೆಡೆಯಲ್ಲಿ. ಗ್ರಂಥಕರ್ತರು ಕೆಲವು ಪುಟಗಳ ತರುವಾಯ ಅದು ಲಕ್ಷಣೆಯೆಂಬುದನ್ನು ಮರೆತು ವಾಚ್ಯಾರ್ಥವೇ ಎಂಬಂತೆ ವಾದಿಸತೊಡಗುತ್ತಾರೆ. ಸೌತ್ ಕ್ಯಾರೊಲಿನದ ಅಧ್ಯಾಯಕ್ಕೆ ಮೊದಲು ಶ್ರಮಿಕವರ್ಗದ ‘ಸರ್ವಾಧಿಕಾರ’ವೆಂಬ ಶಬ್ದವನ್ನೇ ಸೇರಿಸಿ ಹೆಸರಿಡಬೇಕೆಂದಿದ್ದು, ಇತರರ ಆಕ್ಷೇಪಣೆಯ ಮೇಲೆ ಅದನ್ನು ಬಿಟ್ಟುದಾಗಿ ತಾವೇ ಒಪ್ಪಿಕೊಂಡಿದ್ದಾರೆ. ಬಿಟ್ಟದ್ದು ಒಳ್ಳೆಯದಾಯಿತು. ಮತ ಹಾಕಲು ಹೋದವನು ಗುಂಡಿಗೆ ಸಿಕ್ಕುತ್ತಿದ್ದ ಕಾಲಕ್ಕೆ ಸರ್ವಾಧಿಕಾರವೆಂಬ ಮಾತು ಲಕ್ಷಣೆಯಿಂದಲೂ ಒದಗದು.

ಲಿಂಕನ್ ಮಹಾಶಯನು ಮಡಿದ ಮೇಲೆ ಅಧ್ಯಕ್ಷನಾದ ಆಂಡ್ರೂ ಜಾನ್ಸನನನ್ನು ಚಿತ್ರಿಸಿರುವ ಅಧ್ಯಾಯವು ಪಾತ್ರರಚನೆಯ ದೃಷ್ಟಿಯಿಂದ ಅತ್ಯುತ್ತಮವಾದದ್ದು. ಬಡ ಬಿಳಿಯರ ಮಗ. ಶಾಲೆಯ ಮುಖವನ್ನೇ ಕಾಣದ ದರ್ಜಿ. ದೊಡ್ಡ ತೋಟದ ಧಣಿಗಳನ್ನು ಕಂಡರೆ ಅವನಿಗೆ ಆಗದು. ಯುದ್ಧಾನಂತರ ಆ ಧಣಿಗಳೇ ಕ್ಷಮಾಪಣೆಯ ಅರ್ಜಿಗಳನ್ನು ಹಿಡಿದು ಅವನ ಬಾಗಿಲಲ್ಲಿ ಸಾಲುನಿಂತರು. ನಿನ್ನೆ ತನ್ನನ್ನು ಕಣ್ಣೆತ್ತಿ ನೋಡದವರು ಇಂದು ಕೈಮುಗಿದಾಗ ದ್ವೇಷವು ಕರಗಿತು. ಕರಗಿದ ದ್ವೇಷದ ಜಾಗದಲ್ಲಿ ಆತನಿಗೆ ಬಿಡುಗಡೆಯಾದವರ ವಿಷಯದಲ್ಲಿ ಕರುಣೆ ಹುಟ್ಟಲಿಲ್ಲ. ಡುಬಾಯ್ಸರು ಇವನನ್ನು ಖಂಡಿಸುವಾಗಲೂ ಮರುಕವನ್ನು ಬಿಟ್ಟಿಲ್ಲ. ಬಡ ಬಿಳಿಯನಿಗೆ ಕೂಲಿ ಕಡಮೆಯಾದರೂ ಬಿಳಿಯನೆಂಬ ಗೌರವವೇ ಮತ್ತೊಂದು ಬಗೆಯ ಕೂಲಿಯಾಗಿ ದೊರೆಯುತ್ತಿತ್ತೆಂದು ಅವರು ಮುಂದೆ ಹೇಳುವ ಮಾತಿಗೆ ಈ ಅಧ್ಯಾಯವೇ ಪೀಠಿಕೆ. ಉಪವಾಸವಿದ್ದರೂ ಪಂಕ್ತಿಯ ಮಾತಿನಲ್ಲಿ ಬಿಡದವರನ್ನು ಕಂಡ ನಮ್ಮವರಿಗೆ ಆ ಕೂಲಿಯ ವಿವರಣೆ ಬೇಕಾಗದು.

ಸಾರ್ವಜನಿಕ ಶಾಲೆಗಳ ಸ್ಥಾಪನೆಯನ್ನು ಕುರಿತ ಅಧ್ಯಾಯವನ್ನು ನಾನು ಎರಡು ಸಾರಿ ಓದಿದೆನು. ಸೌತ್ ಕ್ಯಾರೊಲಿನದಲ್ಲಿ ದಾಸನಿಗೆ ಬರೆಯಲು ಕಲಿಸುವುದು 1740ರಿಂದಲೂ, ಓದಲು ಕಲಿಸುವುದು 1834ರಿಂದಲೂ ದಂಡಾರ್ಹವಾಗಿತ್ತು. ಬಿಡುಗಡೆಯಾದೊಡನೆ ಅಜ್ಜಿ ಮೊಮ್ಮಗ ಇಬ್ಬರೂ ಒಂದೇ ಕಾಗುಣಿತದ ಪುಸ್ತಕವನ್ನು ಹಿಡಿದು ಒಂದೇ ಬೆಂಚಿನಲ್ಲಿ ಕುಳಿತರು. ಸರ್ಕಾರದ ಖರ್ಚಿನಿಂದ ಸರ್ವರಿಗೂ ವಿದ್ಯೆ ಎಂಬ ಕಲ್ಪನೆಯು ದಕ್ಷಿಣದಲ್ಲಿ ಬೇರೂರಿದ್ದೇ ಕಪ್ಪು ಜನರಿಂದ ಎಂಬುದು ಡುಬಾಯ್ಸರ ಸಿದ್ಧಾಂತ. 1868ರ ಸೌತ್ ಕ್ಯಾರೊಲಿನ ಸಂವಿಧಾನದಲ್ಲಿ ಸೇರಿದ ಶಾಲೆಗಳಿಂದ ಬಡ ಬಿಳಿಯರ ಮಕ್ಕಳಿಗೂ ಉಪಕಾರವಾಯಿತು. ಮುಸುಕುಧಾರಿಗಳು ಕಪ್ಪು ಜನರ ಶಾಲೆಗಳನ್ನು ಸುಟ್ಟರೂ ಶಾಲೆಯೆಂಬ ಕಲ್ಪನೆಯನ್ನು ಸುಡಲಾಗಲಿಲ್ಲ. ಇದನ್ನು ಓದುವಾಗ ಪಾಠಶಾಲೆಯಲ್ಲಿ ಬ್ರಹ್ಮಸೂತ್ರದ ಅಪಶೂದ್ರಾಧಿಕರಣವನ್ನು ಪೂರ್ವಪಕ್ಷ ಸಿದ್ಧಾಂತಗಳ ಸಹಿತ ಒಪ್ಪಿಸುತ್ತಿದ್ದ ನನ್ನ ಬಾಲ್ಯವು ನೆನಪಾಯಿತು. ಅಧ್ಯಯನಕ್ಕೆ ಯಾರು ಅಧಿಕಾರಿಗಳಲ್ಲವೆಂಬುದನ್ನು ನಾವು ಯಾವ ಅಳುಕೂ ಇಲ್ಲದೆ ರಾಗವಾಗಿ ಹೇಳುತ್ತಿದ್ದೆವು. ಅಮೆರಿಕದ ಈ ಬಿಡುಗಡೆಯ ಅರ್ಥವನ್ನು ನಮ್ಮ ದೇಶದಲ್ಲಿ ಕೂಡಲೆ ಗ್ರಹಿಸಿದವರು ಪಂಡಿತರಲ್ಲ, ಪುಣೆಯ ಜ್ಯೋತಿಬಾ ಫುಲೆಯವರು. 1873ರಲ್ಲಿ ಪ್ರಕಟವಾದ ತಮ್ಮ ‘ಗುಲಾಮಗಿರಿ’ಯನ್ನು ಅವರು ದಾಸ್ಯವನ್ನು ತೊಡೆದ ಅಮೆರಿಕದ ಜನರಿಗೆ ಅರ್ಪಿಸಿದರು. ನಮ್ಮ ಕನ್ನಡ ಸೀಮೆಗೆ ಆ ಯುದ್ಧದಿಂದ ಬಂದದ್ದು ಹತ್ತಿಯ ಬೆಲೆಯ ಏರಿಕೆ: ಅಲ್ಲಿಯ ಹತ್ತಿ ನಿಂತಾಗ ಧಾರವಾಡದ ಹತ್ತಿಗೆ ಹೊನ್ನಿನ ಬೆಲೆ ಬಂದಿತು, ಯುದ್ಧ ಮುಗಿದೊಡನೆ ಇಳಿಯಿತು. ಯುದ್ಧದ ಕಾರಣವನ್ನು ಕುರಿತು ಆ ದಿನಗಳಲ್ಲಿ ನಮ್ಮವರು ಅಷ್ಟಾಗಿ ಯೋಚಿಸಿದಂತೆ ತೋರದು.

ಇನ್ನು ಹುಡುಗನ ಪ್ರಶ್ನೆಗೆ ಬರೋಣ. 1865ರ ಜನವರಿಯಲ್ಲಿ ಶರ್ಮನ್ ಸೇನಾಪತಿಯು ಸೌತ್ ಕ್ಯಾರೊಲಿನದಿಂದ ಫ್ಲಾರಿಡದವರೆಗಿನ ಕರಾವಳಿಯ ಭೂಮಿಯನ್ನು, ಕುಟುಂಬಕ್ಕೆ 40 ಎಕರೆಗೆ ಮೀರದಂತೆ, ಬಿಡುಗಡೆಯಾದವರಿಗೆ ಹಂಚಲು ಆಜ್ಞೆ ಮಾಡಿದನು. ಆ ವರ್ಷದ ನಡುವಿನೊಳಗೆ ಸುಮಾರು 40,000 ಮಂದಿ 4 ಲಕ್ಷ ಎಕರೆಗಳಲ್ಲಿ ನೆಲೆಯೂರಿದರು. ಜಾನ್ಸನನು ಹಳೆಯ ಧಣಿಗಳನ್ನು ಕ್ಷಮಿಸಿ ಭೂಮಿಯನ್ನು ಅವರಿಗೇ ಹಿಂದಿರುಗಿಸಿದನು. ಈ ಸುದ್ದಿಯನ್ನು ತಿಳಿಸಲು ಹೋವರ್ಡ್ ಎಂಬ ಸೇನಾಪತಿಯು ಅಕ್ಟೋಬರಿನಲ್ಲಿ ಎಡಿಸ್ಟೋ ದ್ವೀಪದ ದೇವಾಲಯಕ್ಕೆ ಹೋದನು. ಅವನು ಇವರ ಹಿತೈಷಿಯೇ. ಡುಬಾಯ್ಸರು ಈ ಪ್ರಸಂಗವನ್ನು 1903ರ ತಮ್ಮ ಪ್ರಬಂಧ ಸಂಗ್ರಹದ ಕೊನೆಯಲ್ಲಿ, ತಮ್ಮ ಜನರ ದುಃಖಗೀತಗಳನ್ನು ವಿವರಿಸುವಲ್ಲಿ, ನಾಲ್ಕೇ ಮಾತಿನಲ್ಲಿ ಹೇಳಿದ್ದಾರೆ: ಸುದ್ದಿ ಕೇಳಿದ ಗುಂಪಿನ ಅಂಚಿನಲ್ಲಿದ್ದ ಮುದುಕಿಯೊಬ್ಬಳು ಹಾಡತೊಡಗಿದಳು, ಎಲ್ಲರೂ ದನಿಗೂಡಿಸಿದರು, ಸೈನಿಕನು ಅತ್ತನು. ಹಾಡಿನೊಡನೆ ಅವರು ಸುಮ್ಮನಾಗಲಿಲ್ಲ. ಹೋವರ್ಡನಿಗೂ ಅಧ್ಯಕ್ಷನಿಗೂ ಅರ್ಜಿ ಬರೆದರು. ಧಣಿಗಳನ್ನು ಕ್ಷಮಿಸಿರೆಂದು ತಾವು ಹೇಳುತ್ತೀರಿ. ನನ್ನನ್ನು ಮರಕ್ಕೆ ಕಟ್ಟಿ ಹೊಡೆದವನನ್ನು, ನನ್ನ ತಾಯಿಯನ್ನೂ ಸೋದರಿಯನ್ನೂ ಹೊಡೆದವನನ್ನು, ಇಂದಿಗೂ ತನ್ನ ಷರತ್ತಿಗೆ ಒಪ್ಪದಿದ್ದರೆ ಗುಡಿಸಲಿನಲ್ಲಿಯೂ ಇರಗೊಡದವನನ್ನು ಕ್ಷಮಿಸುವುದು ಹೇಗೆ? ಎಂಬುದು ಅದರ ತಾತ್ಪರ್ಯ. ಕ್ಷಮೆಯನ್ನು ಕುರಿತು ಎಷ್ಟೋ ಸುಭಾಷಿತಗಳನ್ನು ಬಾಯಿಪಾಠ ಮಾಡಿದ ನನಗೆ ಈ ಅರ್ಜಿಗೆ ಉತ್ತರವಾಗಬಲ್ಲ ಒಂದೂ ಸಿಕ್ಕಲಿಲ್ಲ.

ಲಿಂಕನ್ನನ 1865ರ ಮಾರ್ಚಿ ತಿಂಗಳ ಭಾಷಣದ ವಿಷಯದಲ್ಲಿಯೂ ಹೀಗೆಯೇ ಆಗಿದೆ. ಯಾರ ಮೇಲೆಯೂ ದ್ವೇಷವಿಲ್ಲದೆ ದೇಶದ ಗಾಯವನ್ನು ಕಟ್ಟೋಣವೆಂಬ ಅದರ ಕೊನೆಯ ಭಾಗವನ್ನು ಎಲ್ಲರೂ ಉದ್ಧರಿಸುತ್ತಾರೆ. ನಾನೂ ಶಾಲೆಯಲ್ಲಿ ಅದನ್ನೇ ಹೇಳಿದ್ದೆನು. ಅದರ ಹಿಂದಿನ ಖಂಡಿಕೆಯಲ್ಲಿ, ಇನ್ನೂರೈವತ್ತು ವರ್ಷ ಕೂಲಿಯಿಲ್ಲದೆ ದುಡಿದವರಿಂದ ಕೂಡಿಬಂದ ಸಂಪತ್ತೆಲ್ಲವೂ ಯುದ್ಧದಲ್ಲಿ ಮುಳುಗಿಹೋದರೂ ದೇವರ ತೀರ್ಪು ನ್ಯಾಯವೇ ಎಂದು ಅವನು ಹೇಳಿದ್ದನ್ನು ಬಿಡುತ್ತಾರೆ. ಋಣದ ಮಾತನ್ನು ಬಿಟ್ಟು ಕ್ಷಮೆಯ ಮಾತನ್ನು ಮಾತ್ರ ಓದುವವರಿಗೆ ಸಂಧಾನವು ಸುಲಭವಾಗುತ್ತದೆ.

ಆ ಸಂಧಾನವು ಹೇಗಾಯಿತು? ಮೂರು ತಿದ್ದುಪಡಿಗಳಿಂದ ದಾಸ್ಯವು ಹೋಯಿತು, ಪೌರತ್ವ ಬಂದಿತು, 1870ರಲ್ಲಿ ಮತಾಧಿಕಾರವೂ ಗಂಡಸರಿಗೆ ಬಂದಿತು. ಅದೇ ವರ್ಷ ಹೈರಮ್ ರೆವೆಲ್ಸ್ ಎಂಬ ಕಪ್ಪು ಪಾದ್ರಿಯು ಮಿಸಿಸಿಪಿಯ ಪರವಾಗಿ ಸೆನೆಟ್ ಸಭೆಯಲ್ಲಿ ಕುಳಿತನು. 1873ರಲ್ಲಿ ಲೂಸಿಯಾನದ ಕೋಲ್‌ಫ್ಯಾಕ್ಸ್ ಎಂಬ ಊರಲ್ಲಿ ಕಪ್ಪು ಜನರ ಕೊಲೆಯಾಯಿತು. 1876ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಪ್ರಕರಣದ ಅಪರಾಧಿಗಳನ್ನು ಬಿಟ್ಟಿತು. 1877ರಲ್ಲಿ ವಿವಾದಗ್ರಸ್ತವಾದ ಚುನಾವಣೆಯ ಬಳಿಕ ಹೇಯ್ಸನು ಅಧ್ಯಕ್ಷನಾಗಿ, ದಕ್ಷಿಣದ ಕೊನೆಯ ಎರಡು ಸರ್ಕಾರಗಳಿಗೆ ಕಾವಲಿದ್ದ ಸೈನಿಕರನ್ನು ಹಿಂದೆಗೆಸಿದನು. ಉತ್ತರ ದಕ್ಷಿಣಗಳು ಕೈಕುಲುಕಿದುವು.

ವ್ಯಾಸರ ಸ್ತ್ರೀಪರ್ವದಲ್ಲಿ ಯುದ್ಧ ಮುಗಿದ ಮೇಲೆ ಕುರುಡು ಅರಸನು ಭೀಮನನ್ನು ತಬ್ಬಿಕೊಳ್ಳಲು ತೋಳು ಚಾಚುತ್ತಾನೆ. ಕೃಷ್ಣನು ಭೀಮನನ್ನು ಪಕ್ಕಕ್ಕೆ ಸರಿಸಿ ಉಕ್ಕಿನ ಪ್ರತಿಮೆಯನ್ನು ಮುಂದೊಡ್ಡುತ್ತಾನೆ, ಪ್ರತಿಮೆಯು ನುಚ್ಚುನೂರಾಗುತ್ತದೆ. ಅರಸನ ಕೋಪವು ತೀರುತ್ತದೆ, ಆಮೇಲೆ ನಿಜವಾದ ಆಲಿಂಗನವಾಗುತ್ತದೆ. ಡುಬಾಯ್ಸರ ಗ್ರಂಥವನ್ನು ಓದುವಾಗ ನನ್ನ ಕಣ್ಣಮುಂದೆ ನಿಂತದ್ದು ಈ ದೃಶ್ಯ. 1877ರ ಆಲಿಂಗನದಲ್ಲಿ ನಡುವೆ ಒಡ್ಡಿದ್ದು ಉಕ್ಕಿನ ಪ್ರತಿಮೆಯಲ್ಲ, ಜೀವವುಳ್ಳ ಮನುಷ್ಯರನ್ನು. 1913ರಲ್ಲಿ ಗೆಟಿಸ್‌ಬರ್ಗ್ ಯುದ್ಧದ ಐವತ್ತನೆಯ ವರ್ಷದ ಉತ್ಸವಕ್ಕೆ ಎರಡು ಕಡೆಯ ಮುದಿ ಸೈನಿಕರು 50,000ಕ್ಕೂ ಹೆಚ್ಚು ಮಂದಿ ಕೂಡಿ ಹಳೆಯ ಕಲ್ಲುಗೋಡೆಯ ಮೇಲಿಂದ ಕೈಹಿಡಿದರು; ಅಧ್ಯಕ್ಷ ವಿಲ್ಸನನು ಭಾಷಣ ಮಾಡಿದನು. ಅದೇ ವರ್ಷ ಅವನ ಸರ್ಕಾರವು ರಾಜಧಾನಿಯ ಕಚೇರಿಗಳಲ್ಲಿ ಬಿಳಿಯ ಕಪ್ಪು ನೌಕರರನ್ನು ಬೇರೆಬೇರೆ ಕೂರಿಸತೊಡಗಿತ್ತು. ಕಿತ್ತುಕೊಂಡ ಮತಾಧಿಕಾರವು ಕಾಯಿದೆಯ ಬಲದಿಂದ ಮತ್ತೆ ಕೈಗೆ ಬರಬೇಕಾದರೆ 1965ನೆಯ ಇಸವಿಯವರೆಗೆ ಕಾಯಬೇಕಾಯಿತು.

ಗ್ರಂಥದಲ್ಲಿ ನ್ಯೂನತೆಗಳಿಲ್ಲವೆಂದಲ್ಲ. ಅಚ್ಚಾದ ವರದಿಗಳನ್ನೇ ಹೆಚ್ಚಾಗಿ ನೆಚ್ಚಿದ್ದು, ಮೂಲ ದಫ್ತರಗಳನ್ನು ನೋಡಿದ್ದು ಕಡಮೆ. ದಕ್ಷಿಣದ ದಫ್ತರಖಾನೆಗಳು ಆ ಕಾಲದಲ್ಲಿ ಕಪ್ಪು ವಿದ್ವಾಂಸನಿಗೆ ಸಲೀಸಾಗಿ ಬಾಗಿಲು ತೆರೆಯುತ್ತಿರಲಿಲ್ಲವೆಂಬುದನ್ನೂ ಹೇಳಬೇಕು. ಸ್ತ್ರೀಯರ ಪಾತ್ರಕ್ಕೆ ತಕ್ಕ ಸ್ಥಾನವಿಲ್ಲ; ಗ್ರಂಥದ ಹುಟ್ಟಿಗೆ ಪ್ರೇರಣೆಯಾದವಳು ಒಬ್ಬ ಸ್ತ್ರೀ ಎಂಬುದನ್ನು ನೆನೆದರೆ ಇದು ಎದ್ದು ಕಾಣುತ್ತದೆ. ಉದ್ಧೃತಿಗಳು ಕೆಲವೆಡೆ ಓದುಗನ ತಾಳ್ಮೆಯನ್ನು ಪರೀಕ್ಷಿಸುತ್ತವೆ. ಮೂಲ ದಫ್ತರಗಳ ಕೊರತೆಯನ್ನು ಬಹುಮಟ್ಟಿಗೆ ತುಂಬಿದವರು ಎರಿಕ್ ಫೋನರ್. ಅವರ ಬೃಹದ್ಗ್ರಂಥವು 1988ರಲ್ಲಿ ಪ್ರಕಟವಾಯಿತು, ಡುಬಾಯ್ಸರ ಋಣವನ್ನು ಅವರು ಮುಚ್ಚಿಟ್ಟಿಲ್ಲ. ಕ್ರಮವಾದ ಇತಿಹಾಸ ಬೇಕಾದವರು ಅದನ್ನು ಓದಬಹುದು.

ಡುಬಾಯ್ಸರನ್ನು ಓದುವವರಿಗೆ ನನ್ನದೊಂದು ಸೂಚನೆ: ಕೊನೆಯ ಅಧ್ಯಾಯದಲ್ಲಿ ಇತಿಹಾಸದ ಹೆಸರಿನಲ್ಲಿ ನಡೆದ ಪ್ರಚಾರವನ್ನು ಅವರು ಬಯಲಿಗೆಳೆಯುತ್ತಾರೆ, ಅದನ್ನು ಮೊದಲು ಓದಿ, ಆಮೇಲೆ ಹಿಂದಿರುಗಿ ಬರುವುದು ಲೇಸು. ಗ್ರಂಥಸೂಚಿಯನ್ನೂ ಬಿಡಬಾರದು. ಇತರರು ಅಕಾರಾದಿಯಾಗಿ ಕೊಡುವ ಪಟ್ಟಿಯನ್ನು ಅವರು ಗ್ರಂಥಕರ್ತರ ಮನೋಧರ್ಮಾನುಸಾರವಾಗಿ ವಿಂಗಡಿಸಿದ್ದಾರೆ: ಕಪ್ಪು ಜನರನ್ನು ಮನುಷ್ಯರಿಗಿಂತ ಕೀಳೆಂದು ಎಣಿಸಿದವರದು ಒಂದು ಗುಂಪು, ಪ್ರಚಾರಕರದು ಒಂದು, ನ್ಯಾಯವಾಗಿ ನಡೆದವರಿಂದ ಉದಾಸೀನರವರೆಗಿನದು ಒಂದು, ಸಹಾನುಭೂತಿಯುಳ್ಳವರದು ಮತ್ತೊಂದು. ನಾನು ಪಾಠ ಹೇಳುತ್ತಿದ್ದ ಕೈಪಿಡಿಯು ಇವುಗಳಲ್ಲಿ ಯಾವ ಗುಂಪಿಗೆ ಸೇರುತ್ತಿತ್ತೆಂದು ಹಳೆಯ ಪೆಟ್ಟಿಗೆಯಿಂದ ತೆಗೆದು ನೋಡಿದೆನು. ಮೂರನೆಯದು.